ನಮ್ಮ ಸಂಸದರು ಯಾವುದಕ್ಕೆ ಮತ ಹಾಕಿದರು, ಊರಿಗಾಗಿ ಏನು ಕೇಳಿದರು? ಒಂದು ಪುಟದ ಪಟ್ಟಿಯ ಕಥೆ

ಮಣ್ಣಗುಡ್ಡೆ ವಾಸಿ

ಮಂಗಳೂರಿನ ನಮ್ಮ ಬಡಾವಣೆಯ ನಿವಾಸಿಗಳ ಸಂಘದವರು ಒಂದು ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ. ಕ್ಷೇತ್ರ ಮರುವಿಂಗಡಣೆಯ ನಂತರ, ಅಂದರೆ 2009ರಿಂದ ಈಚೆಗೆ, ದಕ್ಷಿಣ ಕನ್ನಡ ಮತ್ತು ಉಡುಪಿ–ಚಿಕ್ಕಮಗಳೂರು ಕ್ಷೇತ್ರಗಳಿಂದ ಲೋಕಸಭೆಗೆ ಹೋದವರು ಯಾವ ಮಸೂದೆಗೆ ಹೇಗೆ ಮತ ಹಾಕಿದರು ಎಂಬುದನ್ನು ಒಂದು ಪುಟದಲ್ಲಿ ಬರೆದು ಸೂಚನಾ ಫಲಕಕ್ಕೆ ಅಂಟಿಸಬೇಕಂತೆ. ಸಂಜೆ ಎರಡು ಗಂಟೆ ಕೂತರೆ ಮುಗಿಯುವ ಕೆಲಸವೆಂದು ಒಪ್ಪಿಕೊಂಡೆ. ಮೂರು ವಾರ ಕಳೆದಿದೆ, ಪುಟದ ಮುಕ್ಕಾಲು ಪಾಲು ಇನ್ನೂ ಖಾಲಿಯಾಗಿಯೇ ಇದೆ.

ಕಾರಣ ಸರಳವಾದದ್ದು. ಹೆಚ್ಚಿನ ಮಸೂದೆಗಳು ಧ್ವನಿಮತದಿಂದ ಅಂಗೀಕಾರವಾಗುತ್ತವೆ. ಸಭಾಧ್ಯಕ್ಷರು ಪರವಾಗಿರುವವರು ಹೇಳಿ, ವಿರುದ್ಧವಾಗಿರುವವರು ಹೇಳಿ ಎನ್ನುತ್ತಾರೆ, ಯಾವ ಕಡೆಯ ಸದ್ದು ದೊಡ್ಡದೋ ಆ ಕಡೆ ತೀರ್ಮಾನವಾಗುತ್ತದೆ. ಯಾರ ಬಾಯಿಂದ ಯಾವ ಸದ್ದು ಬಂತೆಂಬುದು ದಾಖಲೆಯಲ್ಲಿ ಉಳಿಯುವುದಿಲ್ಲ. ಯಾರಾದರೂ ಪಟ್ಟುಹಿಡಿದು ಮತವಿಭಜನೆ ಕೇಳಿದಾಗ, ಇಲ್ಲವೇ ಸಂವಿಧಾನ ತಿದ್ದುಪಡಿಯಂತೆ ವಿಶೇಷ ಬಹುಮತ ಬೇಕಾದಾಗ ಮಾತ್ರ ಹೆಸರುಗಳು ಸಿಗುತ್ತವೆ. ಹಾಗೆ ಸಿಕ್ಕವನ್ನು ನೋಡಿ: 2019ರ ಜನವರಿ 8ರಂದು ಆರ್ಥಿಕವಾಗಿ ಹಿಂದುಳಿದವರ ಮೀಸಲಾತಿಗೆ 323 ಮತ, ವಿರುದ್ಧ 3. 2023ರ ಸೆಪ್ಟೆಂಬರ್ 20ರಂದು ಮಹಿಳಾ ಮೀಸಲಾತಿಗೆ 454, ವಿರುದ್ಧ 2. ಇಂತಹ ಪಟ್ಟಿಯಲ್ಲಿ ನಮ್ಮವರ ಹೆಸರನ್ನು ಬೆರಳಿಟ್ಟು ಹುಡುಕಿದರೆ ಸಿಗುವುದಾದರೂ ಏನು? 2025ರ ಎಪ್ರಿಲ್‌ನಲ್ಲಿ ವಕ್ಫ್ ತಿದ್ದುಪಡಿಯ ಮೇಲೆ 288–232 ಎಂಬ ಬಿಗಿಯಾದ ವಿಭಜನೆ ನಡೆಯಿತಾದರೂ ಅಲ್ಲಿಯೂ ಒಬ್ಬ ಸದಸ್ಯನ ಪಕ್ಷ ಗೊತ್ತಿದ್ದರೆ ಮತ ಬಹುಮಟ್ಟಿಗೆ ತಾನಾಗಿಯೇ ಗೊತ್ತಾಗುತ್ತದೆ.

ಹಾಗಾದರೆ ಈ ಪುಟದಲ್ಲಿ ನಾನು ಬರೆಯಬೇಕಾದದ್ದು ಏನು? ಯಾವ ಪಕ್ಷ ಒಳ್ಳೆಯದು ಎಂಬ ಜಗಳವನ್ನು ದಯವಿಟ್ಟು ಇಲ್ಲಿಗೆ ತರಬೇಡಿ, ಅದಕ್ಕೆ ಬೇರೆ ಕಟ್ಟೆಗಳು ಸಾಕಷ್ಟಿವೆ.

ನಿವೃತ್ತ ಅಧ್ಯಾಪಕ, ಉಡುಪಿ

ನಿಮ್ಮ ಖಾಲಿ ಪುಟಕ್ಕೆ ಒಂದು ಹುಟ್ಟಿದ ದಿನಾಂಕವಿದೆ. 1985ರಲ್ಲಿ 52ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಹತ್ತನೇ ಪರಿಚ್ಛೇದ, ಅಂದರೆ ಪಕ್ಷಾಂತರ ನಿಷೇಧದ ನಿಯಮ, ಸೇರಿತು. ಪಕ್ಷದ ವಿಪ್‌ಗೆ, ಅಂದರೆ ಹೀಗೇ ಮತ ಹಾಕಬೇಕೆಂಬ ಆದೇಶಕ್ಕೆ, ವಿರುದ್ಧವಾಗಿ ಮತ ಹಾಕಿದರೆ, ಅಥವಾ ಮತ ಹಾಕದೆ ಉಳಿದರೆ, ಪಕ್ಷವು 15 ದಿನಗಳೊಳಗೆ ಮನ್ನಿಸದಿದ್ದಲ್ಲಿ ಸದಸ್ಯತ್ವವೇ ಹೋಗುತ್ತದೆ. ಸರ್ಕಾರಗಳನ್ನು ಕೊಂಡು ಬೀಳಿಸುವ ದಂಧೆಯನ್ನು ತಡೆಯಲು ತಂದ ನಿಯಮವಿದು, ಆ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಆದರೆ ಅದು ವಿಶ್ವಾಸಮತಕ್ಕೂ ಒಂದು ಸಾಧಾರಣ ಮಸೂದೆಗೂ ವ್ಯತ್ಯಾಸ ಮಾಡಲಿಲ್ಲ. 1992ರ ಕಿಹೋಟೊ ಹೊಲ್ಲೊಹಾನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಪರಿಚ್ಛೇದವನ್ನು ಎತ್ತಿಹಿಡಿಯುವಾಗಲೇ, ಇಂತಹ ಕಟ್ಟಪ್ಪಣೆಯು ಸರ್ಕಾರದ ಅಳಿವು ಉಳಿವಿಗೆ ಮತ್ತು ಪಕ್ಷದ ಮೂಲ ನೀತಿಗೆ ಸೀಮಿತವಾಗಿರುವುದು ಲೇಸು ಎಂಬ ಅಭಿಪ್ರಾಯವನ್ನು ಹೇಳಿತ್ತು. ಅದನ್ನು ಯಾವ ಪಕ್ಷವೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆದರೂ ನಮ್ಮ ಉಡುಪಿಯ ಮಟ್ಟಿಗೆ ಒಂದು ಸಲ ಮತದಾನದ ದಾಖಲೆ ನಿಜಕ್ಕೂ ಸುದ್ದಿಯಾಯಿತು. 2008ರ ಜುಲೈ 22ರಂದು ಅಮೆರಿಕದೊಂದಿಗಿನ ಪರಮಾಣು ಒಪ್ಪಂದದ ಹಿನ್ನೆಲೆಯಲ್ಲಿ ಮನಮೋಹನ್ ಸಿಂಗ್ ಸರ್ಕಾರ ವಿಶ್ವಾಸಮತ ಕೇಳಿ 275–256ರಿಂದ ಗೆದ್ದಾಗ, 2004ರಲ್ಲಿ ಬಿಜೆಪಿಯಿಂದ ಉಡುಪಿಗೆ ಆಯ್ಕೆಯಾಗಿದ್ದ ಮನೋರಮಾ ಮಧ್ವರಾಜ್ ಪಕ್ಷದ ವಿಪ್ ಇದ್ದರೂ ಮತ ಹಾಕಲಿಲ್ಲ. ಪಕ್ಷ ಅವರನ್ನು ಉಚ್ಚಾಟಿಸಿತು. ಆ ವಾರ ರಥಬೀದಿಯ ಹೋಟೆಲುಗಳಲ್ಲಿ ಕೂತ ಜನ ಪರಮಾಣು ಒಪ್ಪಂದದ ಬಗ್ಗೆ ಅರೆಗಳಿಗೆಯಾದರೂ ಮಾತನಾಡಿದ್ದು ನನಗೆ ನೆನಪಿಲ್ಲ. ಎಲ್ಲರೂ ಕೇಳುತ್ತಿದ್ದದ್ದು “ಯಾಕೆ ಹಾಕಲಿಲ್ಲ, ಏನು ಸಿಕ್ಕಿತಂತೆ” ಎಂಬ ಎರಡೇ ಪ್ರಶ್ನೆ. ಆತ್ಮಸಾಕ್ಷಿಯಿಂದ ಭಿನ್ನಮತ ತೋರಿಸಬಹುದು ಎಂಬುದನ್ನು ನಂಬುವ ಅಭ್ಯಾಸವೇ ನಮಗೆ ತಪ್ಪಿಹೋಗಿದೆ.

ಕಿನ್ನಿಗೋಳಿಯಿಂದ ಲೆಸ್ಟರ್‌ಗೆ

ಹತ್ತು ವರ್ಷಗಳಿಂದ ಇಂಗ್ಲೆಂಡಿನಲ್ಲಿದ್ದೇನೆ. ಇಲ್ಲಿ ‘ದೇ ವರ್ಕ್ ಫಾರ್ ಯೂ’ ಎಂಬ ಜಾಲತಾಣ 2004ರಿಂದ ನಡೆಯುತ್ತಿದೆ. ಮನೆಯ ಪಿನ್‌ಕೋಡ್ ಕೊಟ್ಟರೆ ನಮ್ಮ ಸಂಸದರು ಯಾವ ವಿಷಯಕ್ಕೆ ಹೇಗೆ ಮತ ಹಾಕಿದರು, ಯಾವಾಗ ಪಕ್ಷದ ಮಾತು ಮೀರಿದರು ಎಂಬುದೆಲ್ಲ ಬರುತ್ತದೆ. ಸದಸ್ಯರು ಪರ ಮತ್ತು ವಿರುದ್ಧದ ಎರಡು ಪಡಸಾಲೆಗಳ ಮೂಲಕ ನಡೆದುಹೋಗಿ ಎಣಿಕೆಗೆ ಸಿಗುವ ಪದ್ಧತಿ ಇಲ್ಲಿಯದು, ಆದ್ದರಿಂದ ದಾಖಲೆಗೆ ಕೊರತೆಯಿಲ್ಲ. ಧ್ವನಿಮತ ಇಲ್ಲಿಯೂ ಇದೆ, ಆದರೆ ವಿವಾದದ ವಿಷಯಗಳೆಲ್ಲ ವಿಭಜನೆಗೆ ಹೋಗುತ್ತವೆ.

ಅಧ್ಯಾಪಕರ ಮಾತಿಗೆ ಹೋಲಿಕೆಯಾಗಿ ಒಂದು ಉದಾಹರಣೆ ಕೊಡುತ್ತೇನೆ. ಲೇಬರ್ ಪಕ್ಷ ಅಧಿಕಾರದಲ್ಲಿದ್ದ 1997ರಿಂದ 2010ರವರೆಗಿನ ಅವಧಿಯಲ್ಲಿ ಅದೇ ಪಕ್ಷದ ಹಿಂಬೆಂಚಿನ ಸದಸ್ಯ ಜೆರೆಮಿ ಕಾರ್ಬಿನ್ 428 ಬಾರಿ ವಿಪ್ ಮುರಿದರೆಂದು ಲೆಕ್ಕವಿದೆ. ಆಗ ಅವರ ಸ್ಥಾನ ಹೋಗಲಿಲ್ಲ, 2015ರಲ್ಲಿ ಪಕ್ಷದ ನಾಯಕರೇ ಆದರು. 2019ರ ಸೆಪ್ಟೆಂಬರ್‌ನಲ್ಲಿ ಬ್ರೆಕ್ಸಿಟ್ ವಿಷಯದಲ್ಲಿ ಬಂಡೆದ್ದ 21 ಕನ್ಸರ್ವೇಟಿವ್ ಸದಸ್ಯರನ್ನು ಪಕ್ಷ ಸಂಸದೀಯ ಗುಂಪಿನಿಂದ ಹೊರಹಾಕಿತಾದರೂ ಅವರು ಸಂಸದರಾಗಿಯೇ ಮುಂದುವರಿದರು.

ಇಷ್ಟೆಲ್ಲ ಇದ್ದರೂ, ನನ್ನ ನೆರೆಮನೆಯವರು ತಮ್ಮ ಸಂಸದರನ್ನು ಅಳೆಯುವುದು ಮತದಾನದ ಪಟ್ಟಿಯಿಂದಲ್ಲ. ವಾರದ ಕೊನೆಯಲ್ಲಿ ಸಂಸದರು ಊರಿನಲ್ಲಿ ಕೂತು ಜನರ ದೂರು ಕೇಳುವ ಕ್ರಮವೊಂದಿದೆ, ಅದಕ್ಕೆ ಸರ್ಜರಿ ಎನ್ನುತ್ತಾರೆ. ಮೊದಲ ಸಲ ಕೇಳಿದಾಗ ಪಾಪ ಯಾರಿಗೆ ಏನಾಯಿತೋ ಎಂದು ಗಾಬರಿಯಾಗಿದ್ದೆ. ಅಲ್ಲಿಗೆ ತೆಗೆದುಕೊಂಡು ಹೋದ ಕಾಗದಕ್ಕೆ ಉತ್ತರ ಬಂತೇ ಎಂಬುದೇ ಅವರಿಗೆ ದೊಡ್ಡ ಸಂಗತಿ.

ಬೈಕಂಪಾಡಿ

ನಾನು ಸಣ್ಣದೊಂದು ಸರಕು ವಾಹನ ಇಟ್ಟುಕೊಂಡು ಬದುಕುವವನು. ಪರಮಾಣು ಒಪ್ಪಂದಕ್ಕೆ ಯಾರು ಕೈ ಎತ್ತಿದರೆ ನನಗೇನು, ರಸ್ತೆ ಆಯಿತೇ ಹೇಳಿ. ಪಂಪ್‌ವೆಲ್ ಮೇಲ್ಸೇತುವೆಗೆ ಹತ್ತು ವರ್ಷ ಕಾದವರು ನಾವು. 2020ರ ಜನವರಿ 31ರಂದು ಅದು ತೆರೆದಾಗ, ಅದರ ಬಗ್ಗೆ ಹುಟ್ಟಿಕೊಂಡಿದ್ದ ನಗೆಹನಿಗಳಿಗೆ ಕೆಲಸವಿಲ್ಲದಂತಾಯಿತು ಎಂದು ಬೇಸರಪಟ್ಟವರೂ ಇದ್ದರು. ಸಂಸದರನ್ನು ಅಳೆಯುವುದಾದರೆ ಹೀಗೆ ಅಳೆಯಿರಿ: ಎಷ್ಟು ಸೇತುವೆ, ಎಷ್ಟು ದೀಪ, ಎಷ್ಟು ರೈಲು.

ಮಣ್ಣಗುಡ್ಡೆ ವಾಸಿ

ದೀಪದ ಲೆಕ್ಕ ಬೇಡವೆಂದು ನನಗೆ ಅನಿಸುತ್ತದೆ. ಸಂಸದರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ. ಕ್ಷೇತ್ರದಲ್ಲಿ 8 ವಿಧಾನಸಭಾ ಕ್ಷೇತ್ರಗಳು, ಅಂದರೆ ಸರಾಸರಿ ಒಂದಕ್ಕೆ 62.5 ಲಕ್ಷ. ಅದರಲ್ಲಿ ಹೈಮಾಸ್ಟ್ ದೀಪ, ಬಸ್ ತಂಗುದಾಣ, ಶಾಲೆಯ ಕೊಠಡಿ ಆಗಬಹುದು. ತಂಗುದಾಣದ ಮೇಲೆ ಊರಿನ ಹೆಸರಿಗಿಂತ ಸಂಸದರ ಹೆಸರು ದಪ್ಪಕ್ಷರದಲ್ಲಿರುವುದನ್ನು ಎಲ್ಲ ಪಕ್ಷದವರ ಕಾಲದಲ್ಲೂ ನೋಡಿದ್ದೇವೆ. ಆದರೆ ಇದು ಗ್ರಾಮ ಪಂಚಾಯತಿಯ ಸದಸ್ಯರೂ ಮಾಡಬಹುದಾದ ಕೆಲಸ. ದೆಹಲಿಗೆ ಒಬ್ಬರನ್ನು ಕಳುಹಿಸುವುದು ದೆಹಲಿಯಲ್ಲಿ ಮಾತ್ರ ಆಗುವ ಕೆಲಸಕ್ಕಾಗಿ.

ಮಣಿಪಾಲ, ನಿವೃತ್ತ ಬ್ಯಾಂಕ್ ನೌಕರ

ದೆಹಲಿಯಲ್ಲಿ ಮಾತ್ರ ಆಗುವ ಕೆಲಸ ಎಂದಿರಿ, ಆ ಮಾತಿನ ತುದಿ ಹಿಡಿದು ನನ್ನದೊಂದು ಸಂಗತಿ ಹೇಳುತ್ತೇನೆ.

ಕಳೆದ ಇಪ್ಪತ್ತು ವರ್ಷಗಳಲ್ಲಿ ಈ ಎರಡು ಜಿಲ್ಲೆಗಳ ಪಾಲಿಗೆ ದೆಹಲಿಯಲ್ಲಿ ಆದ ಅತ್ಯಂತ ದೊಡ್ಡ ತೀರ್ಮಾನ ಯಾವುದು ಎಂದು ಕೇಳಿದರೆ ನಾನು ಬ್ಯಾಂಕುಗಳ ವಿಲೀನ ಎನ್ನುತ್ತೇನೆ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಎಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್ 2020ರ ಎಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನೊಳಗೆ ಸೇರಿತು. ಅದೇ ದಿನ, 1925ರಲ್ಲಿ ಉಡುಪಿಯಲ್ಲೇ ಹುಟ್ಟಿ ಮಣಿಪಾಲದಲ್ಲಿ ಬೆಳೆದ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೆ ಸೇರಿತು. 366 ದಿನಗಳಲ್ಲಿ ಕರಾವಳಿಯ ಮೂರು ಬ್ಯಾಂಕುಗಳ ಹೆಸರು ಅಳಿಯಿತು.

ನನ್ನ ತಂದೆ ಸಿಂಡಿಕೇಟ್ ಬ್ಯಾಂಕಿಗೆ ಪಿಗ್ಮಿ ಎಂಬ ದಿನದ ಉಳಿತಾಯವನ್ನು ಸಂಗ್ರಹಿಸುತ್ತಿದ್ದವರು. 1928ರಲ್ಲಿ ದಿನಕ್ಕೆ ಎರಡಾಣೆಯಿಂದ ಶುರುವಾದ ಯೋಜನೆಯದು. ಸಂಜೆ ಅವರು ಕೈಕಾಲು ತೊಳೆದು ಚಾಪೆಯ ಮೇಲೆ ಕೂತು, ಮೀನು ಮಾರುವ ಹೆಂಗಸರು ಕೊಟ್ಟ ಒದ್ದೆ ನೋಟುಗಳನ್ನು ಒಂದೊಂದಾಗಿ ಬಿಡಿಸಿ, ಬಟ್ಟೆಯಲ್ಲಿ ಒತ್ತಿ, ಚೀಟಿಗಳ ಜತೆ ತಾಳೆ ನೋಡುತ್ತಿದ್ದರು. ಮನೆಯೆಲ್ಲ ಬಂಗುಡೆಯ ವಾಸನೆ. ಆ ಹಣದ ಮೇಲೆ ನಿಂತ ಬ್ಯಾಂಕಿನ ಕಥೆ ಮುಗಿಯುವಾಗ ನಮ್ಮ ಸಂಸದರು ಹೇಗೆ ಮತ ಹಾಕಿದರೆಂದು ನಾನೂ ಹುಡುಕಿದೆ. ಉತ್ತರ ಏನೆಂದರೆ, ಮತವೇ ನಡೆದಿಲ್ಲ.

ಇದು ಯಾರೋ ಕದ್ದುಮುಚ್ಚಿ ಮಾಡಿದ್ದಲ್ಲ, ಕಾನೂನೇ ಹಾಗಿದೆ. 1970 ಮತ್ತು 1980ರ ಬ್ಯಾಂಕ್ ರಾಷ್ಟ್ರೀಕರಣ ಕಾಯ್ದೆಗಳ 9ನೇ ಸೆಕ್ಷನ್ನಿನ ಪ್ರಕಾರ ಕೇಂದ್ರ ಸರ್ಕಾರ ರಿಸರ್ವ್ ಬ್ಯಾಂಕಿನೊಂದಿಗೆ ಸಮಾಲೋಚಿಸಿ ವಿಲೀನದ ಯೋಜನೆಯನ್ನು ಅಧಿಸೂಚನೆಯ ಮೂಲಕ ಹೊರಡಿಸಬಹುದು. ಆ ಯೋಜನೆಯನ್ನು ಸಂಸತ್ತಿನ ಎರಡೂ ಸದನಗಳ ಮುಂದೆ ಒಟ್ಟು 30 ದಿನಗಳ ಕಾಲ ಇಡಬೇಕು. ಎರಡೂ ಸದನಗಳು ಒಪ್ಪಿದರೆ ಅದನ್ನು ಬದಲಿಸಬಹುದು, ರದ್ದುಮಾಡಲೂಬಹುದು. ಅಂದರೆ ಬಾಗಿಲು ಇತ್ತು, ಅದನ್ನು ತಟ್ಟಬೇಕಿತ್ತು. ಸಂಪುಟ ಒಪ್ಪಿಗೆ ಕೊಟ್ಟದ್ದು 2020ರ ಮಾರ್ಚ್ 4ಕ್ಕೆ, ಸದನವನ್ನು ಅನಿರ್ದಿಷ್ಟ ಕಾಲ ಮುಂದೂಡಿದ್ದು ಮಾರ್ಚ್ 23ಕ್ಕೆ, ದೇಶಕ್ಕೆ ಬೀಗ ಬಿದ್ದದ್ದು 25ಕ್ಕೆ. ಎಪ್ರಿಲ್ 1ರ ಬೆಳಿಗ್ಗೆ ಔಷಧಿ ತರಲು ಹೊರಟವನು ನಿರ್ಜನವಾದ ರಸ್ತೆಯಲ್ಲಿ ನಿಂತು ನಮ್ಮ ಪ್ರಧಾನ ಕಚೇರಿಯನ್ನು ನೋಡಿ ಬಂದೆ. ಅಲ್ಲಿ ಅಳುವುದಕ್ಕೂ ನಾಲ್ಕು ಜನ ಸೇರುವಂತಿರಲಿಲ್ಲ.

ನಿಮ್ಮ ಪಟ್ಟಿಯಲ್ಲಿ ‘ಮತವೇ ನಡೆಯದ ತೀರ್ಮಾನಗಳು’ ಎಂದು ಒಂದು ಕಲಂ ಹಾಕಿ. ತುಂಬುವುದಕ್ಕೆ ಕಷ್ಟವಾಗದು.

ಮಣ್ಣಗುಡ್ಡೆ ವಾಸಿ

ಹಾಕಿದೆ. ಎರಡನೆಯ ಸಾಲು ಕೂಡಲೇ ಸಿಕ್ಕಿತು. 2020ರ ಅಕ್ಟೋಬರ್ 31ರಂದು ನಮ್ಮ ವಿಮಾನ ನಿಲ್ದಾಣ 50 ವರ್ಷಗಳ ಗುತ್ತಿಗೆಗೆ ಅದಾನಿ ಸಂಸ್ಥೆಯ ಕೈಗೆ ಹೋಯಿತು. ಅದು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಗುತ್ತಿಗೆ ಸಂಪುಟದ ತೀರ್ಮಾನವಾದ್ದರಿಂದ ಲೋಕಸಭೆಯ ಮತಪಟ್ಟಿಯಲ್ಲಿ ಅದರ ಸುಳಿವಿಲ್ಲ.

ನಿವೃತ್ತ ಅಧ್ಯಾಪಕ, ಉಡುಪಿ

ಬ್ಯಾಂಕ್ ನೌಕರರ ಮಾತು ನನ್ನನ್ನು ಹಿಂದಕ್ಕೆ ಕರೆದೊಯ್ಯಿತು. ಮೊದಲ ಮೂರು ಲೋಕಸಭೆಗಳಲ್ಲಿ ಕರಾವಳಿಯನ್ನು ಪ್ರತಿನಿಧಿಸಿದ ಉಳ್ಳಾಲ ಶ್ರೀನಿವಾಸ ಮಲ್ಯರು ಯಾವ ಮಸೂದೆಗೆ ಹೇಗೆ ಮತ ಹಾಕಿದರೆಂದು ಇಂದು ಯಾರೂ ಕೇಳುವುದಿಲ್ಲ. ಬಜ್ಪೆಯ ವಿಮಾನ ನಿಲ್ದಾಣ, 1960ರ ಸುರತ್ಕಲ್ ಎಂಜಿನಿಯರಿಂಗ್ ಕಾಲೇಜು, ಪಣಂಬೂರಿನ ಬಂದರು ಎಂದ ಕೂಡಲೇ ಅವರ ಹೆಸರು ಬರುತ್ತದೆ. ಅವರು ತೀರಿಕೊಂಡದ್ದು 1965ರಲ್ಲಿ, ಬಂದರು ಉದ್ಘಾಟನೆಯಾದದ್ದು 1975ರಲ್ಲಿ. ಐದು ವರ್ಷಕ್ಕೊಮ್ಮೆ ಅಂಕ ಕೊಡುವ ನಿಮ್ಮ ಪಟ್ಟಿಯಲ್ಲಿ ಮಲ್ಯರಿಗೆ ಬಂದರಿನ ಎದುರು ಸೊನ್ನೆ ಬೀಳುತ್ತಿತ್ತು.

ಹಾಗೆಂದು ಇಂದು ಸದನದ ಹಿಂದಿನ ಸಾಲಿನಲ್ಲಿ ಕೂರುವ ಸದಸ್ಯರನ್ನು ಮಲ್ಯರೊಂದಿಗೆ ತೂಗುವುದು ನ್ಯಾಯವಲ್ಲ. ನೆಹರೂ ಅವರ ಬಾಗಿಲಿನವರೆಗೆ ಹೋಗಬಲ್ಲ ವ್ಯಕ್ತಿ ಎಲ್ಲಿ ಕೂತರೂ ಹಿಂದಿನ ಸಾಲಿನವನಲ್ಲ.

ಪಡೀಲ್ ಪ್ರಯಾಣಿಕ

ಬಾಗಿಲಿಲ್ಲದವರಿಗೆ ಇರುವ ಸಾಧನವೆಂದರೆ ಪ್ರಶ್ನೆ. ಲೋಕಸಭೆಯಲ್ಲಿ ದಿನಕ್ಕೆ ಸದನದಲ್ಲೇ ಬಾಯಿಮಾತಿನ ಉತ್ತರ ಕೇಳುವ 20 ಚುಕ್ಕೆ ಗುರುತಿನ ಪ್ರಶ್ನೆಗಳು, ಬರಹದ ಉತ್ತರದ 230 ಚುಕ್ಕೆರಹಿತ ಪ್ರಶ್ನೆಗಳು ಪಟ್ಟಿಯಾಗುತ್ತವೆ. ಪಟ್ಟಿಯಲ್ಲಿ ಹೆಸರು ಬರುವುದೇ ಚೀಟಿ ಎತ್ತಿದ ಅದೃಷ್ಟ, ಬಂದರೂ 20ರಲ್ಲಿ ಬಾಯಿಮಾತಿನ ಉತ್ತರ ಸಿಗುವುದು ಐದಾರಕ್ಕೆ. ಉಳಿದದ್ದು ಊರಿನ ತುರ್ತು ವಿಷಯಗಳನ್ನು ಎತ್ತಲು ಇರುವ ಶೂನ್ಯವೇಳೆ ಮತ್ತು ನಿಯಮ 377. ಯಾವ ಸಂಸದರು ಎಷ್ಟು ಪ್ರಶ್ನೆ ಕೇಳಿದರು ಎಂದು ಪತ್ರಿಕೆಗಳು ಅಂಕಪಟ್ಟಿ ಮಾಡುತ್ತವಲ್ಲ, ಅದನ್ನು ನಾನು ಹೆಚ್ಚು ನಂಬುವುದಿಲ್ಲ. ಸಚಿವರಾದವರು ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ, ಪ್ರಶ್ನೆಯನ್ನೂ ಕೇಳುವುದಿಲ್ಲ, ಹಾಗಾಗಿ 2021ರ ಜುಲೈನಲ್ಲಿ ಆಗಿನ ಸಂಸದೆ ಶೋಭಾ ಕರಂದ್ಲಾಜೆ ಸಚಿವರಾದ ಮೇಲೆ ಆ ಅವಧಿ ಮುಗಿಯುವವರೆಗೆ ಉಡುಪಿ–ಚಿಕ್ಕಮಗಳೂರಿನ ಕಲಂ ಖಾಲಿಯೇ ಆಗುತ್ತದೆ. ಇನ್ನು ಕೆಲವರ ಹೆಸರಿನಲ್ಲಿ ನೂರಾರು ಪ್ರಶ್ನೆಗಳಿದ್ದರೂ ಅವುಗಳಲ್ಲಿ ಊರಿನ ಹೆಸರು ಎಲ್ಲೂ ಇರುವುದಿಲ್ಲ.

ನೋಡಬೇಕಾದದ್ದು ಉತ್ತರ ಬಂದ ಮೇಲೆ ಏನಾಯಿತು ಎಂಬುದನ್ನು. ನಮ್ಮ ರೈಲಿನ ವಿಷಯವನ್ನೇ ತೆಗೆದುಕೊಳ್ಳಿ. ಮಂಗಳೂರು ಸೆಂಟ್ರಲ್ ಮತ್ತು ಜಂಕ್ಷನ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರಿವೆ. ಪಡೀಲ್ ದಾಟಿ ಸುಬ್ರಹ್ಮಣ್ಯದ ಕಡೆ ತಿರುಗಿದರೆ ನೈಋತ್ಯ ರೈಲ್ವೆಯ ಮೈಸೂರು ವಿಭಾಗ, ಉಡುಪಿಯ ಕಡೆ ಹೋದರೆ ತೋಕೂರಿನಿಂದ ಕೊಂಕಣ ರೈಲ್ವೆ. ಒಂದು ಊರಿಗೆ ಮೂವರು ಯಜಮಾನರು. ರಾಜ್ಯಕ್ಕೆ, ಜಿಲ್ಲೆಗೆ ಏನು ಕೊಟ್ಟಿರಿ ಎಂದು ಕೇಳಿದವರಿಗೆ ರೈಲ್ವೆ ಸಚಿವಾಲಯ ವರ್ಷಗಳಿಂದ ಕೊಡುತ್ತಿರುವ ಸಿದ್ಧ ಉತ್ತರವೊಂದಿದೆ: ಯೋಜನೆಗಳು ವಲಯವಾರು ಮಂಜೂರಾಗುತ್ತವೆ, ರಾಜ್ಯವಾರು ಅಥವಾ ಜಿಲ್ಲಾವಾರು ಅಲ್ಲ. ಬೇರೆ ಊರಿನವರಿಗೆ ಇದು ಬರೀ ನುಣುಚು ಮಾತು, ಮೂರು ವಲಯಗಳ ನಡುವೆ ಸಿಕ್ಕಿಕೊಂಡ ನಮಗೆ ಇದೇ ಕಾಯಿಲೆ. ಈ ಉತ್ತರವನ್ನು ಕೈಯಲ್ಲಿ ಹಿಡಿದು ‘ಹಾಗಾದರೆ ನಮ್ಮನ್ನು ಒಂದೇ ವಲಯಕ್ಕೆ ಸೇರಿಸಿ’ ಎಂದು ಮುಂದಿನ ಅಧಿವೇಶನದಲ್ಲಿ, ಅದರ ಮುಂದಿನದರಲ್ಲಿ, ಬಿಡದೆ ಕೇಳಿದವರಿಗೆ ನಾನು ಅಂಕ ಕೊಡುತ್ತೇನೆ.

ಕುಂದಾಪುರದಿಂದ ಆಚೆ

ಬೈಂದೂರಿನವನು ನಾನು. ಜಿಲ್ಲೆ ಉಡುಪಿಯಾದರೂ ಲೋಕಸಭೆಗೆ ನಾವು ಶಿವಮೊಗ್ಗ ಕ್ಷೇತ್ರದವರು. ಕಡಲ ಕೊರೆತದ ಮಾತನ್ನು ಘಟ್ಟದ ಮೇಲಿನ ಕ್ಷೇತ್ರದ ಮೂಲಕ ಹೇಳಿಸಬೇಕು. ನಿಮ್ಮ ಪುಟದಲ್ಲಿ ನಮಗೆ ಜಾಗವಿದೆಯೇ?

ಮಣ್ಣಗುಡ್ಡೆ ವಾಸಿ

ಇದೆ. ಜಿಲ್ಲೆಯ ಐದು ವಿಧಾನಸಭಾ ಕ್ಷೇತ್ರಗಳಲ್ಲಿ ನಾಲ್ಕನ್ನು ಮಾತ್ರ ಲೆಕ್ಕ ಹಿಡಿದಿದ್ದೆ, ತಪ್ಪು ನನ್ನದು.

ನಿವೃತ್ತ ಅಧ್ಯಾಪಕ, ಉಡುಪಿ

ಪಡೀಲ್‌ನವರ ಮಾತಿಗೆ ಒಂದು ಸೇರ್ಪಡೆ. ಸಚಿವರು ಸದನದಲ್ಲಿ ‘ಪರಿಶೀಲಿಸುತ್ತೇವೆ, ಮಾಡುತ್ತೇವೆ’ ಎಂದ ಮಾತು ಗಾಳಿಗೆ ಹೋಗದಂತೆ ನೋಡಲು ಲೋಕಸಭೆಯಲ್ಲಿ 15 ಸದಸ್ಯರ ಸರ್ಕಾರಿ ಭರವಸೆಗಳ ಸಮಿತಿಯೊಂದಿದೆ. ಭರವಸೆ ಎಂದು ಗುರುತಿಸಿದ ಮಾತನ್ನು ಸಚಿವಾಲಯ ಮೂರು ತಿಂಗಳಲ್ಲಿ ಪೂರೈಸಬೇಕು, ಆಗದಿದ್ದರೆ ಹೆಚ್ಚುವರಿ ಕಾಲ ಕೇಳಬೇಕು. ಹಿಂದಿನ ಸಾಲಿನ ಒಬ್ಬ ಸದಸ್ಯ ವಿಪ್ ಮುರಿಯದೆ, ಮಂತ್ರಿಯಾಗದೆ, ಯಾರನ್ನೂ ಬೈಯದೆ ಬಳಸಬಹುದಾದ ಸಾಧನವಿದು. ತುಳುವನ್ನು ಸಂವಿಧಾನದ ಭಾಷೆಗಳ ಪಟ್ಟಿಯಾದ ಎಂಟನೇ ಪರಿಚ್ಛೇದಕ್ಕೆ ಸೇರಿಸಲು ಖಾಸಗಿ ಮಸೂದೆ, ಅಂದರೆ ಸಚಿವರಲ್ಲದ ಸದಸ್ಯರು ಮಂಡಿಸುವ ಮಸೂದೆ, ತರಲಿ ಎಂದು ಪ್ರತಿ ಚುನಾವಣೆಯಲ್ಲಿ ಕೇಳುತ್ತೇವೆ. ಸ್ವಾತಂತ್ರ್ಯಾನಂತರ ಸಂಸತ್ತಿನಲ್ಲಿ ಅಂಗೀಕಾರವಾದ ಖಾಸಗಿ ಮಸೂದೆಗಳು 14 ಮಾತ್ರ, ಕೊನೆಯದು 1970ರಲ್ಲಿ. ಮಸೂದೆ ಮಂಡಿಸಿದ ಫೋಟೋಗಿಂತ ಒಂದು ಭರವಸೆಯ ಬೆನ್ನುಹತ್ತುವುದು ಹೆಚ್ಚು ಫಲ ಕೊಡುತ್ತದೆ.

ಬೈಕಂಪಾಡಿ

ಭರವಸೆ ಎಂದಾಗ ನೆನಪಾಯಿತು, ನಮ್ಮ ಸುರತ್ಕಲ್ ಟೋಲ್ ಅದೇ ಅಲ್ಲವೇ? 2022ರ ಮಾರ್ಚ್ 22ರಂದು ನಿತಿನ್ ಗಡ್ಕರಿಯವರು ಲೋಕಸಭೆಯಲ್ಲಿ, 60 ಕಿಲೋಮೀಟರ್ ಒಳಗೆ ಒಂದೇ ಟೋಲ್ ಇರಬೇಕು, ಉಳಿದದ್ದನ್ನು ಮೂರು ತಿಂಗಳಲ್ಲಿ ಮುಚ್ಚುತ್ತೇವೆ ಎಂದಿದ್ದರು. ಸುರತ್ಕಲ್‌ನಿಂದ ಹೆಜಮಾಡಿಯ ಟೋಲಿಗೆ 60 ಇರಲಿ, 20 ಕೂಡ ಇಲ್ಲ. ಮೂರು ತಿಂಗಳು ಜೂನ್‌ಗೆ ಮುಗಿಯಿತು. ಟೋಲ್ ಮುಚ್ಚಿದ್ದು ಡಿಸೆಂಬರ್ 1ಕ್ಕೆ, ಅದೂ ಜನ ಬೀದಿಗಿಳಿದು ದಿನಗಟ್ಟಲೆ ಧರಣಿ ಕೂತ ಮೇಲೆ. ಆದರೆ ಧರಣಿಯಲ್ಲಿ ಪ್ರತಿ ಭಾಷಣದಲ್ಲೂ ಆ ಮಾರ್ಚ್ ತಿಂಗಳ ಮಾತು ಬರುತ್ತಿತ್ತು. ಸಚಿವರು ಸದನದಲ್ಲಿ ಹೇಳಿದ್ದು ಎಂಬುದೇ ನಮ್ಮ ಕೈಯ ಕೋಲಾಗಿತ್ತು. ಮತದಾನದಿಂದ ನನಗೇನು ಎಂದು ಮೇಲೆ ಬರೆದಿದ್ದೆ, ಅದನ್ನು ಅರ್ಧ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಮತದಿಂದ ಏನೂ ಆಗಲಿಲ್ಲ, ಮಾತಿನಿಂದ ಆಯಿತು.

ಮಣ್ಣಗುಡ್ಡೆ ವಾಸಿ

ಪಟ್ಟಿಯ ಮೊದಲ ಸಾಲು ಇದೇ ಆಗಲಿ. ‘ಹೇಗೆ ಮತ ಹಾಕಿದರು’ ಎಂಬ ಕಲಂ ಅನ್ನು ಪುಟದ ಕೊನೆಗೆ ತಳ್ಳಿದ್ದೇನೆ, ತೆಗೆದುಹಾಕಿಲ್ಲ. ಮುಂದಿನ ಕಲಂಗಳು ಹೀಗಿವೆ: ಸದನದಲ್ಲಿ ಸಿಕ್ಕ ಮಾತು, ಅದರ ದಿನಾಂಕ, ಅದನ್ನು ಮತ್ತೆ ಯಾರು ಎಷ್ಟು ಬಾರಿ ಕೇಳಿದರು, ಕೆಲಸ ಆದ ದಿನಾಂಕ. ಸುರತ್ಕಲ್ ಟೋಲಿನ ಸಾಲಿನಲ್ಲಿ ಮಾರ್ಚ್ 22ಕ್ಕೂ ಡಿಸೆಂಬರ್ 1ಕ್ಕೂ ನಡುವಿನ ಎಂಟು ತಿಂಗಳಲ್ಲಿ ಯಾವ ಅಧಿವೇಶನದಲ್ಲಿ ಯಾರು ಬಾಯಿಬಿಟ್ಟರು ಎಂಬುದನ್ನು ನಡಾವಳಿಯಿಂದ ನಾನು ತೆಗೆಯುತ್ತೇನೆ. ಆ ಎಂಟು ತಿಂಗಳು ಒಬ್ಬ ಸಾಮಾನ್ಯನ ಜೇಬಿಗೆ ಎಷ್ಟು ಬಿತ್ತು ಎಂಬುದನ್ನೂ ಪಕ್ಕದಲ್ಲಿ ಬರೆಯಬೇಕೆಂದಿದ್ದೇನೆ. ಬೈಕಂಪಾಡಿಯವರೇ, ನಿಮ್ಮಲ್ಲಿ ಟೋಲಿನ ರಸೀದಿಗಳಿವೆಯೇ?

ಬೈಕಂಪಾಡಿ

ಈಗ ವಾಹನದ ಡ್ರಾವರ್ ತೆಗೆದು ನೋಡಿದೆ. ರಬ್ಬರ್ ಬ್ಯಾಂಡ್ ಹಾಕಿಟ್ಟ ಹಳೆಯ ರಸೀದಿಗಳ ಕಟ್ಟು ಸಿಕ್ಕಿತು, ಬಿಸಿಲಿಗೆ ಶಾಯಿ ಹಾರಿ ಎಲ್ಲವೂ ಬೆಳ್ಳಗಾಗಿವೆ. ಆದರೆ 2022ಕ್ಕೆ ಫಾಸ್ಟ್ಯಾಗ್ ಬಂದಿತ್ತಲ್ಲ, ಹಣ ಕಡಿತವಾದ ಸಂದೇಶಗಳನ್ನು ಫೋನಿನಿಂದ ಅಳಿಸಿಲ್ಲ. ಭಾನುವಾರ ಬಾಡಿಗೆ ಇಲ್ಲ, ಕೂತು ಎಣಿಸಿ ತಿಳಿಸುತ್ತೇನೆ.